ಟ್ರೊಮ್ಸೋಗೆ ಹೊತ್ತೊಯ್ದ ಸ್ಟೀಲ್ ಡಬ್ಬಿ

ದಾಬೋಳಿ

ಪರದೇಶಕ್ಕೆ ಹೋಗುವವರು ಉಪ್ಪಿನಕಾಯಿ ಒಯ್ಯುತ್ತಾರೆ, ಚಟ್ನಿಪುಡಿ ಒಯ್ಯುತ್ತಾರೆ. ನಾನು ಮೂರು ಗಾಜಿನ ನಳಿಗೆಗಳಲ್ಲಿ ದಕ್ಷಿಣ ಮಹಾಸಾಗರದ ಕೆಸರಿನಿಂದ ತೆಗೆದ ಬ್ಯಾಕ್ಟೀರಿಯಾ ಒಯ್ದೆ. ಜೊತೆಗೆ ಎಪ್ಪತ್ತೆರಡು ವರ್ಷದ ನನ್ನ ಅತ್ತೆಯನ್ನೂ ಕರೆದೊಯ್ದೆ. ಇಬ್ಬರಲ್ಲಿ ಯಾರನ್ನು ಹೆಚ್ಚು ಜೋಪಾನ ಮಾಡಬೇಕು ಎಂದು ಆ ಬೆಳಿಗ್ಗೆ ಯಾರಾದರೂ ಕೇಳಿದ್ದರೆ, ಸುಳ್ಳೇಕೆ ಹೇಳಲಿ, ನಾನು ನಳಿಗೆಗಳತ್ತಲೇ ಕೈ ತೋರಿಸುತ್ತಿದ್ದೆ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಹೆಸರು ಗಿರಿಜಾ, ತವರು ಧಾರವಾಡ. ಇಪ್ಪತ್ತೆರಡು ವರ್ಷದಿಂದ ವಾಸ್ಕೋದಲ್ಲಿ ಸಂಸಾರ, ಪಣಜಿ ಕಡೆಯ ಒಂದು ಸಮುದ್ರ ಪ್ರಯೋಗಾಲಯದಲ್ಲಿ ಟೆಕ್ನಿಶಿಯನ್ ಕೆಲಸ. ವಿಜ್ಞಾನಿ ಅಲ್ಲ, ವಿಜ್ಞಾನಿಗಳು ಹಡಗಿನಲ್ಲಿ ಹೋಗಿ ತಂದ ಜೀವಗಳನ್ನು ಸಾಯದಂತೆ ನೋಡಿಕೊಳ್ಳುವವಳು. ಹೊರಗೆ ಗೋವೆಯ ಮೇ ತಿಂಗಳ ಬೆವರು ಧಾರಾಕಾರ ಸುರಿಯುವಾಗ ನಾನು ಸ್ವೆಟರು, ಮಂಕಿ ಕ್ಯಾಪು ಹಾಕಿಕೊಂಡು ನಾಲ್ಕು ಡಿಗ್ರಿಯ ಕೋಲ್ಡ್ ರೂಮಿನೊಳಗೆ ಹೋಗುತ್ತೇನೆ. ಹಳೆಯ ನಳಿಗೆಯಿಂದ ಒಂದಿಷ್ಟು ತೆಗೆದು ಹೊಸ ನಳಿಗೆಗೆ ಹಾಕುತ್ತೇನೆ. ಅದು ಬೆಳೆದ ಮೇಲೆ ಮತ್ತೆ ಅದರಿಂದ ಇನ್ನೊಂದಕ್ಕೆ. ಅತ್ತೆಗೆ ಇದನ್ನು ಹೇಗೆ ವಿವರಿಸುವುದು ಎಂದು ತಿಳಿಯದೆ, ಮದುವೆಯಾದ ಹೊಸತರಲ್ಲಿ "ಸಮುದ್ರದ ಹೆಪ್ಪು ಕಾಯೂ ಕೆಲಸಾ ರೀ ಅತ್ತಿ" ಎಂದಿದ್ದೆ. ಅವರು ಅದನ್ನೇ ಓಣಿಗೆಲ್ಲ ಸಾರಿದರು. "ನಮ್ಮ ಸೊಸಿ ಸರಕಾರದಾಗ ಹೆಪ್ಪು ಹಾಕ್ತಾಳ" ಎಂದು.

ನಾನು ಒಯ್ಯುತ್ತಿದ್ದದ್ದರ ನಂಬರು ನಲವತ್ತೊಂದು. ಹೆಸರಿಲ್ಲ. ಹೆಸರು ಸಿಗಲೆಂದೇ ಈ ಪ್ರಯಾಣ. ಹನ್ನೊಂದು ವರ್ಷದ ಹಿಂದೆ ನಮ್ಮ ಕಾಮತ್ ಸರ್, ಕಾರವಾರದವರು, ಅದನ್ನು ಕೆಸರಿನಿಂದ ಬೇರ್ಪಡಿಸಿದ ದಿನದಿಂದ ಅದು ನನ್ನ ಕೈಯಲ್ಲೇ ಇದೆ. ಒಂದು ಬ್ಯಾಕ್ಟೀರಿಯಾ ಹೊಸ ಜಾತಿ ಎಂದು ಲೋಕ ಒಪ್ಪಬೇಕಾದರೆ ಅದರ ಬದುಕಿರುವ ಪ್ರತಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಗಳಲ್ಲಿ ಇಡಬೇಕು. ನಮ್ಮ ದೇಶದಲ್ಲಿ ಇಟ್ಟಾಗಿತ್ತು. ಇನ್ನೊಂದಕ್ಕೆ ನಾರ್ವೆಯ ಟ್ರೊಮ್ಸೋ ಊರಿನ ಸಂಗ್ರಹ ಒಪ್ಪಿತ್ತು. ನಲವತ್ತೊಂದರ ಹತ್ತಿರದ ಬಂಧು ಒಂದು ಅಲ್ಲೇ ಇತ್ತು. ಒಣಗಿಸಿ ಪುಡಿ ಮಾಡಿ ಕಳಿಸೋಣವೆಂದರೆ ಒಣಗಿಸಿದೊಡನೆ ಇದು ಸಾಯುತ್ತದೆ. ಕೊರಿಯರಿನಲ್ಲಿ ಎರಡು ಸಲ ಕಳಿಸಿದೆವು. ಎರಡು ಸಲವೂ ಪೆಟ್ಟಿಗೆ ಯಾವುದೋ ಗೋದಾಮಿನಲ್ಲಿ ವಾರಗಟ್ಟಲೆ ಕೂತು, ತಲುಪುವಾಗ ಒಳಗೆ ಜೀವ ಇರಲಿಲ್ಲ. ಕಾಮತ್ ಸರ್ ಮಾರ್ಚ್ ಕೊನೆಗೆ ನಿವೃತ್ತರಾಗುವವರು. ಅವರೊಂದಿಗೆ ಯೋಜನೆಯೂ ಮುಗಿಯುತ್ತದೆ, ಆಮೇಲೆ ನಲವತ್ತೊಂದನ್ನು ಕೇಳುವವರಿಲ್ಲ. "ಗಿರಿಜಾಬಾಯಿ, ಇದು ಕಡೇ ಸಲ. ನೀವೇ ಕೈಯಾರೆ ಒಯ್ದು ಕೊಡಿ," ಎಂದರು.

ಅತ್ತೆಯನ್ನು ಯಾಕೆ ಕರೆದೊಯ್ದೆ? ಒಬ್ಬರನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ನನ್ನ ಗಂಡ ಮಲ್ಲಿಕಾರ್ಜುನ ಬಂದರಿನಲ್ಲಿ ಕೆಲಸದಲ್ಲಿದ್ದರು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಮಗೆ ಮಕ್ಕಳಿಲ್ಲ. ಅಂದಿನಿಂದ ನನಗೆ ಅತ್ತೆ, ಅತ್ತೆಗೆ ನಾನು. ಅವ್ವನನ್ನು ಒಮ್ಮೆ ವಿಮಾನದಲ್ಲಿ ಕೂಡಿಸಬೇಕು ಎಂದು ಮನೆಯ ಮೇಲೆ ವಿಮಾನ ಹಾರಿದಾಗಲೆಲ್ಲ ನನ್ನ ಗಂಡ ಹೇಳುತ್ತಿದ್ದರು.

ದಾಬೋಳಿ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಥರ್ಮಾಕೋಲ್ ಪೆಟ್ಟಿಗೆ ತೆರೆಸಿದರು. ಮಂಜಿನ ಚೀಲಗಳ ನಡುವೆ ಒಂದು ಸ್ಟೀಲ್ ಡಬ್ಬಿ, ಅದರೊಳಗೆ ಹತ್ತಿಯಲ್ಲಿ ನಳಿಗೆಗಳು. ಆ ಡಬ್ಬಿ ನಮ್ಮ ಮನೆಯದು. ಅಳತೆ ಸರಿಹೋಗುತ್ತದೆಂದು ವರ್ಷಗಳಿಂದ ನಳಿಗೆ ಸಾಗಿಸಲು ಅದನ್ನೇ ಬಳಸುತ್ತೇನೆ. ಮುಚ್ಚಳದ ಮೇಲೆ, ನಮ್ಮ ಕಡೆ ಎಲ್ಲ ಪಾತ್ರೆಗಳ ಮೇಲೂ ಕೆತ್ತಿಸುವಂತೆ, ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ "ಚಿ. ಮಲ್ಲಿಕಾರ್ಜುನನ ತೊಟ್ಟಿಲ ದಿನ" ಎಂದಿದೆ. ತಪಾಸಣೆಯ ಹುಡುಗ ಗೋಕಾಕಿನವನಂತೆ. ಕಾಗದಪತ್ರ ನೋಡುವ ಮೊದಲೇ ಅತ್ತೆ, "ಹೆಪ್ಪಪಾ ಅದು, ಚೆಲ್ಲಬ್ಯಾಡ," ಎಂದುಬಿಟ್ಟರು.

"ಏನ್ ಅವ್ವಾರ, ಪರದೇಶಕ್ಕ ಮೊಸರು ಒಯ್ಯಾಕತ್ತೀರೇನು?" ಎಂದು ಅವನು ನಕ್ಕ. ನಾನು ಚೀಲದಲ್ಲಿ ಪರವಾನಗಿ ಹುಡುಕುತ್ತಿದ್ದೆ. ಅವನು ಮುಚ್ಚಳ ಓದಿದ. "ಮಲ್ಲಿಕಾರ್ಜುನ ಅಂದ್ರ ಯಾರ್ರಿ?"

"ನನ್ನ ಮಗಾ."

"ಅವರೂ ಬರಾಕತ್ತಾರೇನ್ರಿ?"

"ಹೂಂ," ಎಂದರು ಅತ್ತೆ.

ಕಾಗದ ಸಿಕ್ಕಿತು. ಠಸ್ಸೆ ಬಿತ್ತು. ಅತ್ತೆಯ ಆ "ಹೂಂ" ಬಗ್ಗೆ ಆಗ ನಾನು ಎರಡನೇ ಸಲ ಯೋಚಿಸಲಿಲ್ಲ.

ಶುಕ್ರವಾರ, ಸಂಜೆಯ ನಾಲ್ಕು

ಮೂರು ವಿಮಾನ ಬದಲಾಯಿಸಿ ಟ್ರೊಮ್ಸೋ ಮುಟ್ಟಿದಾಗ ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತು. ಅಲ್ಲಿಯ ಜನ ಶುಕ್ರವಾರ ಮೂರೂವರೆಗೆ ಕೆಲಸ ಮುಗಿಸಿ ಎದ್ದರೆ ಮತ್ತೆ ಸೋಮವಾರವೇ. ಗೋವೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಅಂಗಡಿಯವರು ಮಲಗುತ್ತಾರೆಂದು ನಾನು ಇಪ್ಪತ್ತೆರಡು ವರ್ಷದಿಂದ ಗೊಣಗುತ್ತಿದ್ದೇನೆ. ಇವರು ಎರಡು ದಿನ ಪೂರ್ತಿ ಮಲಗುವವರು. ನಮ್ಮನ್ನು ಎದುರುಗೊಳ್ಳಲು ಬಂದವಳು ಇಂಗ್ರಿಡ್. ಅಲ್ಲಿಯ ಸಂಗ್ರಹದಲ್ಲಿ ನನ್ನದೇ ಕೆಲಸ ಮಾಡುವವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಬಿಳಿ ಜಡೆ. ಹೋಟೆಲು ಬೇಡ, ನನ್ನ ಮನೆಯಲ್ಲೇ ಇರಿ ಎಂದು ಮೊದಲೇ ಬರೆದಿದ್ದಳು.

ಊರು ಒಂದು ದ್ವೀಪ. ಸುತ್ತ ಕಪ್ಪು ನೀರು, ಆಚೆ ಬಿಳಿ ಗುಡ್ಡ, ನಡುವೆ ಉದ್ದನೆಯ ಸೇತುವೆ. ದಾರಿಯಲ್ಲಿ ಮರದ ಚೌಕಟ್ಟುಗಳ ಮೇಲೆ ಮೀನು ತೂಗುಹಾಕಿ ಒಣಗಿಸಿದ್ದರು. ಅತ್ತೆ ಸೆರಗನ್ನು ಮೂಗಿಗೆ ಹಿಡಿದು, "ಅಲ್ಲ ಗಿರಿಜಾ, ಇಷ್ಟ್ ದೂರ ಬಂದ್ರೂ ಅದ ನಾತಾ? ಇದು ನಮ್ಮ ವಾಸ್ಕೋನ ನೋಡು," ಎಂದರು. ಇಂಗ್ರಿಡ್ ಏನೆಂದು ಕೇಳಿದಳು. ಊರು ಬಹಳ ಹಿಡಿಸಿತಂತೆ ಎಂದೆ.

ಮನೆಯ ಬಾಗಿಲಲ್ಲೇ ಇಂಗ್ರಿಡ್ ಬೂಟು ಬಿಚ್ಚಿದಳು. ಅತ್ತೆಯ ಮುಖ ಅರಳಿತು. "ಚಪ್ಪಲಿ ಹೊರಗ ಬಿಡ್ತಾಳ. ಚಲೋ ಮನಿತನಾ." ಊಟಕ್ಕೆ ಅವಳು ಕಂದು ಬಣ್ಣದ ಚೀಸು ಕೊಟ್ಟಳು. ಅತ್ತೆ ನಾಲಿಗೆಯ ತುದಿಗೆ ಹಚ್ಚಿಕೊಂಡು ಬಹಳ ಹೊತ್ತು ವಿಚಾರ ಮಾಡಿ, "ಉಪ್ಪು ಹಾಕಿದ ಬೆಳಗಾವಿ ಕುಂದಾ," ಎಂದು ತೀರ್ಪು ಕೊಟ್ಟರು. ಆಮೇಲೆ ತಮ್ಮ ಗಂಟು ಬಿಚ್ಚಿ ಕಡಕ್ ರೊಟ್ಟಿ, ಅಗಸಿ ಹಿಂಡಿ ತೆಗೆದರು. ಇಂಗ್ರಿಡ್ ಮೂರು ರೊಟ್ಟಿ ತಿಂದಳು. ಅವಳ ಸೀಮೆಯಲ್ಲೂ ಹೀಗೇ ಒಣ ರೊಟ್ಟಿ ಮಾಡಿ ತಿಂಗಳುಗಟ್ಟಲೆ ಇಡುತ್ತಿದ್ದರಂತೆ. ಅಂದಿನಿಂದ ಅವರಿಬ್ಬರೂ ಭಾಷೆಯ ಗೊಡವೆಯಿಲ್ಲದೆ ಗೆಳತಿಯರಾದರು.

ಪೆಟ್ಟಿಗೆ ಎಲ್ಲಿಡುವುದು ಎಂದು ಕೇಳಿದೆ. ಇಂಗ್ರಿಡ್ ನಕ್ಕು ಮುಂಬಾಗಿಲ ಹೊರಗಿನ, ಕಾವಿಲ್ಲದ ಪಡಸಾಲೆಯನ್ನು ತೋರಿಸಿದಳು. "ಇದೇ ನಮ್ಮ ಫ್ರಿಜ್. ಒಂದು ಡಿಗ್ರಿ, ಎರಡು ಡಿಗ್ರಿ. ಸೋಮವಾರದ ತನಕ ಇಲ್ಲಿ ಅದು ಸುಖವಾಗಿರುತ್ತದೆ." ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟೆವು. ಮನೆಯೊಳಗೆ ಮಾತ್ರ ಸ್ವರ್ಗದಂಥ ಬೆಚ್ಚಗೆ. ಬಚ್ಚಲಮನೆಯ ನೆಲಕ್ಕೂ ಒಳಗಿನಿಂದ ಕಾವು ಹಾಯಿಸಿದ್ದಾರೆ! ಅತ್ತೆ ಬರಿಗಾಲಲ್ಲಿ ಆ ನೆಲದ ಮೇಲೆ ನಿಂತು ಹೊರಗೆ ಬರಲೇ ಒಲ್ಲರು.

ಶನಿವಾರ, ಕಾಫಿ ಅಂಗಡಿಯ ಹೊರಗೆ

ಇಂಗ್ರಿಡ್ ಊರು ತೋರಿಸಲು ಕರೆದೊಯ್ದಳು. ಪೇಟೆಯಲ್ಲಿ ಒಂದು ಕಾಫಿ ಅಂಗಡಿ. ಅದರ ಹೊರಗೆ, ಹಿಮದಲ್ಲಿ, ಸಾಲಾಗಿ ಮೂರು ಮಕ್ಕಳ ಗಾಡಿ. ಖಾಲಿ ಗಾಡಿ ಇರಬೇಕೆಂದು ನಾನು ದಾಟಿ ಹೋದೆ. ಅತ್ತೆ ಬಗ್ಗಿ ನೋಡಿ ಚೀರಿದರು. "ಅಯ್ಯ ಶಿವನ! ಕೂಸು ಐತಿ!"

ಮೂರರಲ್ಲೂ ಕೂಸು. ಕೆನ್ನೆ ಕೆಂಪಾಗಿ, ಮೂಗಿನ ತುದಿ ಮಾತ್ರ ಹೊರಗಿಟ್ಟು, ಗಾಢನಿದ್ದೆ. ತಾಯಂದಿರು ಒಳಗೆ ಗಾಜಿನ ಆಚೆ ಕೂತು ಕಾಫಿ ಕುಡಿಯುತ್ತಿದ್ದರು. ನಾನು ಬೆಪ್ಪಾಗಿ ಇಂಗ್ರಿಡ್ ಮುಖ ನೋಡಿದೆ. ಅವಳು ಇದರಲ್ಲೇನಿದೆ ಎಂಬಂತೆ, ಹೊರಗಿನ ಗಾಳಿಯಲ್ಲಿ ಮಕ್ಕಳು ಚೆನ್ನಾಗಿ ಮಲಗುತ್ತವೆ, ನನ್ನನ್ನೂ ನನ್ನಮ್ಮ ಹೀಗೇ ಮಲಗಿಸಿದ್ದು ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿ, ಕೂಸುಗಳನ್ನು ಮುಟ್ಟಬ್ಯಾಡ್ರಿ ಎಂದೂ ಸೇರಿಸಿದೆ. ಅತ್ತೆ ಕೇಳಿಸಿಕೊಂಡರು, ಆದರೆ ಒಳಗೆ ಬರಲಿಲ್ಲ. "ನೀವು ಹೋಗಿ ಕುಡೀರಿ. ನಾ ಇಲ್ಲೆ ನಿಂದರ್ತೀನಿ."

"ಅತ್ತಿ, ನಿಮಗ ಥಂಡಿ ಆಗತೈತ್ರಿ."

"ಅವಕ್ಕ ಆಗೂದಿಲ್ಲೇನು?"

ನಾನು ಒಳಗೆ ಕೂತು ಗಾಜಿನಿಂದ ನೋಡುತ್ತಿದ್ದೆ. ಇಳಕಲ್ ಸೀರೆ, ಅದರ ಮೇಲೆ ನನ್ನ ಗಂಡನ ಹಳೆಯ ಕೋಟು, ಅದರ ಮೇಲೆ ಇಂಗ್ರಿಡ್ ಕೊಟ್ಟ ಉಣ್ಣೆಯ ಟೊಪ್ಪಿ. ಯಾರದೋ ಮೂರು ಕೂಸುಗಳಿಗೆ ಕಾವಲು. ಕೊನೆಯ ತಾಯಿ ಹೊರಗೆ ಬಂದಾಗ ಅತ್ತೆ ಅವಳಿಗೆ ಅಚ್ಚ ಧಾರವಾಡ ಕನ್ನಡದಲ್ಲಿ ಬುದ್ಧಿ ಹೇಳಿದರು. ಆ ಹುಡುಗಿ ಏನು ತಿಳಿದುಕೊಂಡಳೋ, ಅತ್ತೆಯನ್ನು ತಬ್ಬಿಕೊಂಡು ಹೋದಳು. ಮನೆಗೆ ಬರುವ ದಾರಿಯಲ್ಲಿ ಅತ್ತೆ ಒಂದೇ ಮಾತು ಆಡಿದರು. "ಮುಟ್ಟಬಾರದು ಅಂದ್ರ ಮುಟ್ಟೂದಿಲ್ಲವಾ. ಅವರ ಕೂಸು, ಅವರ ಇಷ್ಟ."

ಭಾನುವಾರ

ಭಾನುವಾರ ಅಲ್ಲಿಯವರಿಗೆ ಗುಡ್ಡ ಹತ್ತುವುದೇ ದೇವರ ಪೂಜೆ. ಹತ್ತು ಗಂಟೆಗೆ ಇಂಗ್ರಿಡ್ ನನ್ನನ್ನು ಎಳೆದುಕೊಂಡು ಹೊರಟಳು. ಅತ್ತೆಗೆ ಮಂಡಿನೋವು. "ನೀವು ಹೋಗಿ ಬರ್ರಿ, ನಾ ಜಪಾ ಮಾಡಕೋತ ಕೂಡ್ತೀನಿ," ಎಂದರು.

ಮೊಣಕಾಲುದ್ದ ಹಿಮದಲ್ಲಿ ನಾನು ನಾಲ್ಕು ಸಲ ಬಿದ್ದೆ. ಎದ್ದು ನಿಂತು ಸಮುದ್ರ ನೋಡಿದಾಗ ಮಾತ್ರ ಎದೆ ತುಂಬಿಬಂತು. ಇಷ್ಟು ತಣ್ಣನೆಯ ನೀರಿನ ಜೀವಗಳನ್ನು ವಿದ್ಯುತ್ತು ಹೋಗಿ ಬಂದು ಮಾಡುವ ಊರಿನಲ್ಲಿ ನಾನು ಇಷ್ಟು ವರ್ಷ ಸಾಕಿದೆನಲ್ಲ! ಮಳೆಗಾಲದಲ್ಲಿ ಕರೆಂಟು ಕೈಕೊಟ್ಟಾಗ ಕಲಂಗುಟ್‌ನ ಹೋಟೆಲಿನವರಿಂದ ಮಂಜುಗಡ್ಡೆ ಬೇಡಿ ತಂದದ್ದು ನೆನಪಾಯಿತು. ಇಂಗ್ರಿಡ್‌ಗೆ ಹೇಳಿದೆ. ಅವಳು ನಿಂತು ನನ್ನ ಕೈ ಕುಲುಕಿದಳು.

ಎರಡೂವರೆಗೆ ಮನೆಗೆ ಬಂದೆವು. ಪಡಸಾಲೆಯ ಬೆಂಚಿನ ಮೇಲೆ ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ಒಳಗೆ ಡಬ್ಬಿ ಇರಲಿಲ್ಲ.

ಒಳಗೆ ಓಡಿದೆ. ಬಚ್ಚಲಮನೆಯ ಕಾದ ನೆಲದ ಮೇಲೆ ಅತ್ತೆಯ ಕೌದಿ, ಹಳೆ ಸೀರೆಗಳನ್ನು ಸೇರಿಸಿ ಅವರೇ ಹೊಲಿದದ್ದು, ಗಂಟಾಗಿ ಕೂತಿತ್ತು. ಪಕ್ಕದಲ್ಲಿ ಅವರು, ಕೈಯಲ್ಲಿ ಜಪಮಣಿ. ನನ್ನನ್ನು ನೋಡಿ ಮುಗುಳ್ನಕ್ಕರು. "ಈಗ ಬೆಚ್ಚಗ ಐತಿ ನೋಡು."

ನಮ್ಮ ಕಡೆ ಚಳಿಗಾಲದಲ್ಲಿ ಮೊಸರು ಹೆಪ್ಪಾಗದಿದ್ದರೆ ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಹತ್ತಿರ ಇಡುತ್ತಾರೆ. ನನ್ನ ಅವ್ವನೂ ಇಟ್ಟವಳೇ. ಅದೇ ಕೆಲಸ ಇವರೂ ಮಾಡಿದ್ದಾರೆ ಎಂದು ನನಗೆ ಒಂದೇ ನೋಟಕ್ಕೆ ಗೊತ್ತಾಯಿತು. ಹೆಪ್ಪು ಎಂದು ಹೇಳಿಕೊಟ್ಟವಳು ನಾನೇ. ಆದರೂ ಆ ಕ್ಷಣ ನನ್ನ ಬಾಯಿಗೆ ಲಗಾಮು ಇರಲಿಲ್ಲ. ಕೌದಿ ಕಿತ್ತು ಡಬ್ಬಿ ಮುಟ್ಟಿದೆ. ಹಾಲು ಹೆಪ್ಪು ಹಾಕುವಷ್ಟು ಉಗುರುಬೆಚ್ಚಗೆ.

"ಕೊಂದುಬಿಟ್ರಲ್ರೀ! ಹನ್ನೊಂದು ವರ್ಷ ಕಾದದ್ದನ್ನ ಕೊಂದುಬಿಟ್ರಿ! ನಿಮ್ಮನ್ನ ಕರಕೊಂಡು ಬಂದದ್ದ ನಂದು ತಪ್ಪಾತು."

ಅತ್ತೆ ಜಪಮಣಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಎದ್ದು, ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೋಣೆಗೆ ಹೋದರು. ಅಂದು ಅವರು ಊಟ ಮಾಡಲಿಲ್ಲ. ನಾನೂ ಏಳಿಸಲಿಲ್ಲ. ಇಂಗ್ರಿಡ್ ಮಾತ್ರ ಒಂದು ಲೋಟ ಹಾಲು ಹಿಡಿದು ಅವರ ಬಾಗಿಲ ಹತ್ತಿರ ಹೋಗಿ, ತಟ್ಟಿ, ಕೊಟ್ಟು ಬಂದಳು.

ಸೋಮವಾರದಿಂದ ಶುಕ್ರವಾರ

ಸೋಮವಾರ ಬೆಳಿಗ್ಗೆ ಇಂಗ್ರಿಡ್ ತಣ್ಣಗೆ ಮಾಡಿದ ಗಾಜಿನ ಮೇಲೆ ಒಂದು ಹನಿ ಇಟ್ಟು ಸೂಕ್ಷ್ಮದರ್ಶಕಕ್ಕೆ ಏರಿಸಿದಳು. ನಲವತ್ತೊಂದಕ್ಕೆ ಬಾಲವಿದೆ. ನಮ್ಮ ಕೋಲ್ಡ್ ರೂಮಿನಲ್ಲಿ ನೋಡಿದರೆ ಸಂತೆಗೆ ಹೊರಟವರಂತೆ ಸರಬರ ಈಜುತ್ತಿರುತ್ತದೆ. ಅಂದು ಒಂದೂ ಅಲುಗಲಿಲ್ಲ. ನಾನು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋದೆ.

"ಸತ್ತಿವೆ," ಎಂದೆ.

"ಈಜುತ್ತಿಲ್ಲ, ಅಷ್ಟೇ," ಎಂದಳು ಇಂಗ್ರಿಡ್. "ಸತ್ತಿವೆ ಎಂದು ಹೇಳಲು ನನಗೆ ಎರಡು ವಾರ ಬೇಕು." ಮೂರೂ ನಳಿಗೆಗಳಿಂದ ಒಂದಿಷ್ಟು ತೆಗೆದು, ಅವಕ್ಕೆ ಬೇಕಾದ ಆಹಾರ ಹರಡಿದ ಮೂರು ತಟ್ಟೆಗಳ ಮೇಲೆ ಗೆರೆ ಎಳೆದು ನಾಲ್ಕು ಡಿಗ್ರಿಯ ಕಪಾಟಿನಲ್ಲಿಟ್ಟಳು. ಚಳಿಯ ಜೀವಗಳಿಗೆ ಅವಸರವಿಲ್ಲ. ಗೋವೆಯ ಕೊಳದ ಬ್ಯಾಕ್ಟೀರಿಯಾ ಒಂದು ಹಗಲಿನಲ್ಲಿ ಬೆಳೆಯುವಷ್ಟು ಬೆಳೆಯಲು ಇವಕ್ಕೆ ಹತ್ತು ಹನ್ನೆರಡು ದಿನ ಬೇಕು. ನಮ್ಮ ವಿಮಾನ ಶನಿವಾರಕ್ಕೇ ಇತ್ತು.

ಆ ವಾರ ಉಳಿದ ಕೆಲಸ ಮಾಡಿದೆವು. ಹೊಸ ಜೀವವನ್ನು ವರ್ಗೀಕರಿಸುವುದೆಂದರೆ ಹೆಚ್ಚುಕಡಿಮೆ ಹೆಣ್ಣು ನೋಡಲು ಹೋದ ಹಾಗೆ. ಯಾವ ಊರು, ಯಾವ ಮನೆತನ, ಯಾವ ಬೆಡಗು, ಹತ್ತಿರದ ಬಳಗ ಯಾರು, ಏನು ಉಣ್ಣುತ್ತದೆ, ಯಾವ ಸಕ್ಕರೆ ಒಲ್ಲೆ ಅನ್ನುತ್ತದೆ, ಬಣ್ಣ ಹೇಗೆ, ಮೈಯ ಕೊಬ್ಬು ಯಾವ ಬಗೆಯದು. ಅದರ ಒಳಗಿನ ಡಿಎನ್ಎ ಅಕ್ಷರಗಳನ್ನು ಬಂಧುವಿನ ಅಕ್ಷರಗಳ ಪಕ್ಕ ಇಟ್ಟು ಓದಬೇಕು. ತೀರಾ ಹತ್ತಿರವಾದರೆ ಒಂದೇ ಜಾತಿ, ದೂರವಾದರೆ ಬೇರೆ. ಚಳಿಯಲ್ಲಿ ಬೆಳೆಯುವವುಗಳಲ್ಲಿ ಮತ್ತೆ ಎರಡು ಪಂಗಡ. ಕೆಲವಕ್ಕೆ ಚಳಿ ಬೇಕೇ ಬೇಕು, ಇಪ್ಪತ್ತು ಡಿಗ್ರಿ ದಾಟಿದರೆ ಬೆಳೆಯಲೊಲ್ಲವು. ಇನ್ನು ಕೆಲವು ಚಳಿಯನ್ನು ತಾಳಿಕೊಳ್ಳುತ್ತವೆ, ಮನಸ್ಸು ಮಾತ್ರ ಬೆಚ್ಚನೆಯ ಕಡೆಗೇ. ನಲವತ್ತೊಂದು ಮೊದಲನೆಯ ಪಂಗಡ. ಅದನ್ನು ಹತ್ತು ಸಲ ಪರೀಕ್ಷಿಸಿ ಬರೆದಿಟ್ಟವಳು ನಾನೇ.

ಬುಧವಾರ ಇಂಗ್ರಿಡ್ ನನ್ನ ವಹಿ ತಿರುವುತ್ತಾ ಕೇಳಿದಳು. "ಇಪ್ಪತ್ತು ಡಿಗ್ರಿಯಲ್ಲಿ ಬೆಳೆಯಲಿಲ್ಲ ಎಂದಿದ್ದೀಯ. ಆಮೇಲೆ ಆ ತಟ್ಟೆಗಳನ್ನು ಏನು ಮಾಡಿದೆ?"

"ಎಸೆದೆ."

"ಮತ್ತೆ ಚಳಿಗೆ ಇಟ್ಟು ನೋಡಲಿಲ್ಲವೆ?"

ಇಲ್ಲ ಎಂದೆ. ಯಾರೂ ಇಟ್ಟು ನೋಡು ಅಂದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅವಳು ವಹಿ ಮುಚ್ಚಿದಳು. "ಬೆಳೆಯುವುದು ಬೇರೆ, ಬದುಕಿರುವುದು ಬೇರೆ. ನೋಡೋಣ."

ಮನೆಯಲ್ಲಿ ಅತ್ತೆ ನನ್ನೊಂದಿಗೆ ಮಾತು ಬಿಟ್ಟಿರಲಿಲ್ಲ. ಅದೇ ಕಷ್ಟ. ಬಿಟ್ಟಿದ್ದರೆ ನಾನು ರಮಿಸಬಹುದಿತ್ತು. "ಉಣ್ಣಾಕ ಬಾ," "ಕಾಲಚೀಲಾ ಹಸಿ ಅದಾವ, ಬಿಚ್ಚು," ಇಷ್ಟೇ. ಡಬ್ಬಿಯನ್ನು ಕೇಳಿ ತೆಗೆದುಕೊಂಡು ತಿಕ್ಕಿ ತೊಳೆದು ತಮ್ಮ ದಿಂಬಿನ ಪಕ್ಕ ಇಟ್ಟುಕೊಂಡರು. ತಪ್ಪಾಯಿತು ಎನ್ನಲು ದಿನಕ್ಕೆ ಹತ್ತು ಸಲ ಬಾಯಿ ತೆರೆದೆ. ತಟ್ಟೆಯಲ್ಲಿ ಏನಾದರೂ ಬೆಳೆದರೆ ಹೇಳೋಣ ಎಂದು ಹತ್ತು ಸಲವೂ ಮುಚ್ಚಿದೆ. ಅಷ್ಟು ಹೊಲಸು ಹಟ ನನ್ನದು.

ಶುಕ್ರವಾರ ತಟ್ಟೆಗಳನ್ನು ಕಡೆಯ ಸಲ ಬೆಳಕಿಗೆ ಹಿಡಿದು ನೋಡಿದೆವು. ಏನೂ ಇರಲಿಲ್ಲ. ಮರುದಿನ ವಿಮಾನ ನಿಲ್ದಾಣದಲ್ಲಿ ಇಂಗ್ರಿಡ್ ಅತ್ತೆಯ ಎರಡೂ ಕೈ ಹಿಡಿದು ಏನೋ ಹೇಳಿದಳು, ಅತ್ತೆ ಅವಳ ಕೆನ್ನೆ ಸವರಿ ನೆಟಿಕೆ ಮುರಿದರು. ಮೂರು ವಿಮಾನಗಳಲ್ಲೂ ಖಾಲಿ ಡಬ್ಬಿ ಅತ್ತೆಯ ಮಡಿಲಲ್ಲೇ ಇತ್ತು. ಮೇಲಿನ ಕಪಾಟಿನಲ್ಲಿ ಇಡುತ್ತೇನೆ ಕೊಡಿ ಎಂದರೆ ಬ್ಯಾಡ ಎಂದರು.

ವಾಸ್ಕೋ

ಬಂದ ಮೇಲೆ ವಾಸ್ಕೋ ನನಗೆ ಒಂದು ದೊಡ್ಡ ಬಚ್ಚಲಮನೆಯಂತೆ ಕಂಡಿತು, ಅಷ್ಟು ಸೆಕೆ. ಬೆಳಿಗ್ಗೆ ಪಾವ್ ಬ್ರೆಡ್ ಮಾರುವವನ ಹಾರ್ನು, ಮೀನಿನವಳ ಕೂಗು, ಎದುರು ಮನೆಯವರ ಕನ್ನಡ ಸೀರಿಯಲ್ಲು. ಕಾಮತ್ ಸರ್‌ಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, "ಹೋಗಲಿ ಬಿಡಿ. ನೀವು ಮಾಡೂದೆಲ್ಲ ಮಾಡಿದ್ದೀರಿ," ಎಂದು ತಮ್ಮ ಮೇಜಿನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದರು.

ಎರಡನೇ ಸೋಮವಾರ ಮಧ್ಯಾಹ್ನ ಫೋನು ಗುಂಯ್ ಎಂದಿತು. ಇಂಗ್ರಿಡ್ ಒಂದು ಚಿತ್ರ ಕಳಿಸಿದ್ದಳು. ತಟ್ಟೆಯ ಅಂಚಿನಲ್ಲಿ, ಎಳೆದ ಗೆರೆಯ ಉದ್ದಕ್ಕೂ, ಸಾಸಿವೆಗಿಂತ ಸಣ್ಣ ಕಿತ್ತಳೆ ಬಣ್ಣದ ಚುಕ್ಕಿಗಳು. ಎಣಿಸಿದೆ, ಒಂಬತ್ತು. ಆ ಬಣ್ಣ ನನಗೆ ಗೊತ್ತು, ಹನ್ನೊಂದು ವರ್ಷ ನೋಡಿದ ಬಣ್ಣ. ಕೆಳಗೆ ಬರೆದಿದ್ದಳು: "ಎರಡು ತಟ್ಟೆ ಖಾಲಿ. ಮೂರನೆಯದು ಇದು. ಈಗಷ್ಟೇ ನೋಡಿದೆ, ಈಜುತ್ತಿವೆ. ದಾಖಲೆ ಮಾಡಿಕೊಂಡೆ. ಅಜ್ಜಿಗೆ ಹೇಳು."

ನಾನು ಕೋಲ್ಡ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಕಾಮತ್ ಸರ್ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು, ಚಿಕ್ಕದು ಮಾಡಿ ನೋಡಿದರು. ಪೆಟ್ಟಿಗೆಗೆ ತುಂಬಿದ ಪುಸ್ತಕಗಳಲ್ಲಿ ಎರಡನ್ನು ಮತ್ತೆ ಹೊರಗೆ ತೆಗೆದರು. ಆಮೇಲೆ ವಿಜ್ಞಾನಿಯಾದರು. "ಗಿರಿಜಾಬಾಯಿ, ಇದು ಬರೀಬೇಕು. ಇಪ್ಪತ್ತರಲ್ಲಿ ಬೆಳಿಯೂದಿಲ್ಲ, ಆದರೆ ಕಾವಿನಲ್ಲಿ ಕೆಲವು ತಾಸು ಇಟ್ಟರೂ ಪೂರ್ತಿ ಸಾಯೂದಿಲ್ಲ. ಆದರೆ ಎಷ್ಟು ತಾಸು? ಎಷ್ಟು ಡಿಗ್ರಿ? ಅಂದಾಜು ಬರಿಯೂಕೆ ಆಗೂದಿಲ್ಲ. ನಿಮ್ಮ ಅತ್ತೆಯವರನ್ನ ಕೇಳಿ."

ಸಂಜೆ ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಹಾಲು ಆರಿಸುತ್ತಿದ್ದರು. ಫೋನು ಅವರ ಮುಂದೆ ಹಿಡಿದೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ಏನಿದು, ಸಾಸವಿ?"

"ಹೆಪ್ಪಾಗೇತ್ರಿ ಅತ್ತಿ. ಸತ್ತಿಲ್ಲ. ನಂದ ತಪ್ಪಾತು. ಅಂಥಾ ಮಾತು ಆಡಬಾರದಿತ್ರಿ ನಾನು."

ಅವರು ಹಾಲಿನ ಪಾತ್ರೆಯನ್ನು ಸುಮ್ಮನೆ ಆಚೆ ಸರಿಸಿದರು, ಈಚೆ ಸರಿಸಿದರು. "ಆತು ಬಿಡು. ಹೊಟ್ಯಾಗಿನ ಸಿಟ್ಟು ರಟ್ಟೆಗೆ ಬರಲಿಲ್ಲಲ್ಲ." ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು, ನನ್ನ ಕಣ್ಣನ್ನೂ ಒರೆಸಿದರು. ನಾನು ವಹಿ ತೆಗೆದು ಪೆನ್ನು ಹಿಡಿದೆ. ಎಷ್ಟು ಹೊತ್ತಿಗೆ ಒಳಗೆ ತಂದಿರಿ ಎಂದು ಕೇಳಿದೆ.

ಅತ್ತೆ ಒಳ್ಳೆ ಸಾಕ್ಷಿ. "ನೀವು ಹೋದ್ರಿ. ತಾಟು ತೊಳದೆ. ಆಮ್ಯಾಲ ಇಗರ್ಜಿ ಗಂಟಿ ಬಾರಿಸಿದ್ರು, ಬಾಗಲಾ ತಗದು ನೋಡಿದೆ. ಗಾಳಿಗೆ ಹಿಮಾ ಹಾರಿ ಬಂದು ಪೆಟಿಗಿ ಮ್ಯಾಲ ಬಿದ್ದಿತ್ತು."

ಭಾನುವಾರ ಅಲ್ಲಿಯ ಚರ್ಚಿನ ಗಂಟೆ ಹನ್ನೊಂದಕ್ಕೆ. ಬರೆದುಕೊಂಡೆ. "ಆಗ ಹೆಪ್ಪು ಕೆಡತೈತಿ ಅನಸ್ತು, ಹೌದಲ್ರಿ?"

"ಹೆಪ್ಪಿನ ಸಲುವಾಗಿ ಯಾಕ?" ಎಂದರು ಅತ್ತೆ, ನನಗೆ ಇಷ್ಟೂ ತಿಳಿಯದೇ ಎಂಬಂತೆ. "ಅದರ ಹಣೇಬರಾ ನಿನಗ ಗೊತ್ತು. ಡಬ್ಬಿ ಮ್ಯಾಲ ಅವನ ಹೆಸರು ಐತೆಲ್ಲವಾ. ಯಾರದೋ ಕೂಸುಗೋಳು ಹೊರಗ ಮಲಗಿದ್ರ ಅವರ ಇಷ್ಟ ಅಂತ ಬಿಟ್ಟೆ. ನನ್ನ ಕೂಸಿನ ಹೆಸರು ಹಿಮದಾಗ ಹೆಂಗ ಬಿಡ್ಲಿ?"

ನನ್ನ ಪೆನ್ನು ನಿಂತಿತು. ಆ ಮುಚ್ಚಳವನ್ನು ಎಷ್ಟು ಸಾವಿರ ಸಲ ತೆರೆದಿದ್ದೇನೆ, ಮುಚ್ಚಿದ್ದೇನೆ. ನನ್ನ ಗಂಡನ ಹೆಸರು ಅದು. ನಾನು ಅಳತೆ ಮಾತ್ರ ನೋಡಿದ್ದೆ.

"ಬರಕೋ, ಬರಕೋ," ಎಂದರು. "ಮೊದಲ ಒಂದು ತಾಸು ಮಡಿಲಾಗ ಇಟಗೊಂಡು ಕುಂತಿದ್ದೆ, ಕೌದಿ ಹೊಚ್ಚಿ. ಕಾಲು ಜೋಮು ಹಿಡೀತು. ಆಮ್ಯಾಲ ಬಚ್ಚಲಾಗ ಇಟ್ಟೆ."

ಹಾಗೆಯೇ ಬರೆದೆ: ಒಂದು ತಾಸು, ಮಡಿಲು. ಎರಡೂವರೆ ತಾಸು, ಬಚ್ಚಲ ನೆಲ. ಮರುದಿನ ಕಾಮತ್ ಸರ್ ಕಾಗದ ಓದಿ ತಲೆ ಎತ್ತಿದರು. ಬಚ್ಚಲ ನೆಲದ ಕಾವನ್ನು ಇಂಗ್ರಿಡ್ ರಾತ್ರಿಯೇ ಅಳೆದು ಕಳಿಸಿದ್ದಳು, ಇಪ್ಪತ್ತೆಂಟು. "ಮಡಿಲಿನದು ಎಷ್ಟು?" ಎಂದು ಕೇಳಿದರು.

ಹಾಗಾಗಿ ಅವರು ನಿವೃತ್ತರಾಗುವ ಎರಡು ದಿನ ಮೊದಲು, ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ, ನನ್ನ ಅತ್ತೆ ಪ್ರಯೋಗಾಲಯಕ್ಕೆ ಬಂದರು. ಹೊಸ ಇ‌ಳಕಲ್ ಸೀರೆ ಉಟ್ಟಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಯಂತ್ರಗಳ ಕೋಣೆಯಲ್ಲಿ ಎಸಿಯನ್ನು ಇಂಗ್ರಿಡ್ ಮನೆಯಷ್ಟೇ, ಇಪ್ಪತ್ತೆರಡಕ್ಕೆ ಇಟ್ಟೆ. ನೆಲದ ಮೇಲೆ ಚಾಪೆ ಹಾಸಿದೆ. ಅದೇ ಡಬ್ಬಿ, ಒಳಗೆ ಮಂಜಿನಂಥ ನೀರು ತುಂಬಿದ ಮೂರು ನಳಿಗೆ, ನಡುವಿನದರಲ್ಲಿ ಥರ್ಮಾಮೀಟರಿನ ತಂತಿ. ಅತ್ತೆ ಕಾಲು ಮಡಿಸಿ ಕೂತು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡರು. ನಾನು ಕೌದಿ ಹೊದಿಸಿ, ವಹಿ ಹಿಡಿದು ಎದುರಿಗೆ ಕೂತೆ. ಅವರ ಹೆಬ್ಬೆರಳು ಮುಚ್ಚಳದ ಚುಕ್ಕಿ ಅಕ್ಷರಗಳ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಅಂಕಿ ಬರೆದುಕೊಂಡೆ. ಹನ್ನೊಂದು, ಹದಿನೇಳು, ಇಪ್ಪತ್ತೆರಡು, ಇಪ್ಪತ್ತೇಳು, ಇಪ್ಪತ್ತೊಂಬತ್ತು, ಮೂವತ್ತೊಂದು.

"ಒಂದು ತಾಸು ಆತೇನವಾ?" ಎಂದು ಕೇಳಿದರು.

ಗಡಿಯಾರ ನೋಡಿದೆ. ಆಗಿ ಐದು ನಿಮಿಷ ದಾಟಿತ್ತು.

"ಇನ್ನಾ ಆಗಿಲ್ರಿ ಅತ್ತಿ," ಎಂದೆ. "ಕೂಡ್ರಿ."